ಇಸಿಜಿ ಒಂದು ಹೇಳಿತು, ಹೋಲ್ಟರ್ ಡೈರಿ ಇನ್ನೊಂದು ಹೇಳಿತು: ಸೇಡಂ ಮಾಸ್ತರ ಪ್ರಕರಣ

ಕಲಬುರಗಿಯ ಒಂದು ಹೃದ್ರೋಗ ವಿಭಾಗದಲ್ಲಿ ನಾನು ಟೆಕ್ನಿಷಿಯನ್. ಇಸಿಜಿ (ಹೃದಯದ ವಿದ್ಯುತ್ತಿನ ಗೆರೆ), ಹೋಲ್ಟರ್ (ಇಡೀ ದಿನ ಮೈಮೇಲೆ ಇರುವ ಇಸಿಜಿ), ಟಿಎಂಟಿ (ನಡೆಸುತ್ತಾ ತೆಗೆಯುವ ಇಸಿಜಿ) ಮಾಡುವುದು ನನ್ನ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಯಾರಿಗೆ ಯಾವ ರೋಗ ಅಂತ ಹೇಳುವುದು, ಮಾತ್ರೆ ಬದಲಿಸುವುದು ನನ್ನ ಕೈಯಲ್ಲಿಲ್ಲ. ಆದರೆ ರೋಗಿಯ ಎದೆಗೆ ವೈರು ಹಚ್ಚುವವನು ನಾನೇ. ಹಚ್ಚುವ ಆ ಹೊತ್ತಿನಲ್ಲಿ ಅವರು ಹೇಳುವ ಮಾತು, ಅವರ ಭಯ, ಅವರಿಗೆ ಯಾರೂ ಹೇಳದೆ ಬಿಟ್ಟ ವಿಷಯ ಇವೆಲ್ಲ ನನ್ನ ಕಿವಿಗೆ ಬೀಳುತ್ತವೆ. ಅದಕ್ಕೇ ಈ ಒಂದು ಪ್ರಕರಣವನ್ನು ಮೊದಲಿನಿಂದ ಕೊನೆತನಕ ಬರೆಯುತ್ತಿದ್ದೇನೆ. ಹೆಸರು, ಊರಿನ ಗುರುತು ಬಿಟ್ಟಿದ್ದೇನೆ. ಮನೆಯವರು ಬರೆಯಲು ಒಪ್ಪಿದ್ದಾರೆ.

ರೋಗಿ ಸೇಡಂ ತಾಲೂಕಿನ ನಿವೃತ್ತ ಶಾಲಾ ಮಾಸ್ತರು. ವಯಸ್ಸು 66. ಬಿಪಿ ಇದೆ, ಅದಕ್ಕೆ ಎಷ್ಟೋ ವರ್ಷದಿಂದ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಾರೆ. ಸಕ್ಕರೆ ಕಾಯಿಲೆ ಇಲ್ಲ. ಬೀಡಿ, ಕುಡಿತ ಇಲ್ಲ. ಸ್ವಲ್ಪ ತೊಗರಿ ಹೊಲ ಇದೆ, ಬೆಳಗ್ಗೆ ಒಂದು ಸುತ್ತು ಹೋಗಿ ಬರುವ ರೂಢಿ.

ಮೇ ತಿಂಗಳು. ನಮ್ಮ ಕಡೆ ಬಿಸಿಲು 43, 44 ಡಿಗ್ರಿ ಮುಟ್ಟುವ ದಿನಗಳು. ಬೆಳಗ್ಗೆ ಒಂಬತ್ತರ ಸುಮಾರಿಗೆ ಮಾಸ್ತರು ಹೊಲದ ಬದುವಿನ ಹತ್ತಿರ ಕಣ್ಣು ಕತ್ತಲೆ ಬಂದು ಕುಸಿದರು. ಅರ್ಧ ನಿಮಿಷದೊಳಗೆ ಎದ್ದು ಕೂತರು. ಓಣಿಯವರೆಲ್ಲ ಒಂದೇ ಮಾತು: "ಬಿಸಿಲು ಬಡದದ, ಮಜ್ಜಿಗಿ ಕುಡಿಸ್ರಿ." ಮಜ್ಜಿಗೆ ಕುಡಿಸಿದರು. ವಾರ ಕಳೆದ ಮೇಲೆ ಮತ್ತೆ ಹಾಗೇ ಆಯಿತು, ಈ ಸಲ ಮನೆಯಲ್ಲೇ, ಫ್ಯಾನಿನ ಕೆಳಗೆ ಪೇಪರ್ ಓದುತ್ತಾ ಕೂತಿದ್ದಾಗ. ಇಲ್ಲೇ ಒಂದು ವಿಷಯ ಗಮನಿಸಬೇಕು. ಬಿಸಿಲಿಗೆ, ನೀರು ಕಡಿಮೆಯಾಗಿ, ಜಾಸ್ತಿ ಹೊತ್ತು ನಿಂತು ತಲೆ ತಿರುಗಿದರೆ ಅದು ಒಂದು ಥರ. ನೆರಳಲ್ಲಿ ಸುಮ್ನೆ ಕೂತವರಿಗೆ ಯಾವ ಮುನ್ಸೂಚನೆಯೂ ಇಲ್ಲದೆ ಕಣ್ಣು ಕತ್ತಲೆ ಬಂದರೆ ಅದು ಬೇರೆ. ಆಗ ಹೃದಯದ ಬಡಿತವನ್ನು ನೋಡಲೇಬೇಕು.

ಮಗ ಸಿಮೆಂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾನೆ. ಅವನು ಅಪ್ಪನನ್ನು ಹತ್ತಿರದ ಒಂದು ಸಣ್ಣ ಸೆಂಟರಿಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿದ. ಮಷೀನು ಕಾಗದ ಬಿಟ್ಟಿತು. ಕಾಗದದ ತಲೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಸಾಲು: ಅಬ್ನಾರ್ಮಲ್ ಇಸಿಜಿ, ಲ್ಯಾಟರಲ್ ಇನ್ಫಾರ್ಕ್ಟ್, ಏಜ್ ಅನ್‌ಡಿಟರ್ಮಿಂಡ್. ಮಗ ಮೊಬೈಲಿನಲ್ಲಿ ಹುಡುಕಿದ. ಹೃದಯದ ಪಕ್ಕದ ಗೋಡೆಗೆ ಯಾವಾಗಲೋ ಅಟ್ಯಾಕ್ ಆಗಿರಬಹುದು ಅಂತ ಅರ್ಥ ಬಂತು. ಅಷ್ಟೇ ಸಾಕಾಯಿತು. ಒಂದು ಗಾಡಿ ಮಾಡಿಕೊಂಡು ಮಳಖೇಡ ದಾಟಿ ಮಧ್ಯಾಹ್ನದ ಹೊತ್ತಿಗೆ ಕಲಬುರಗಿಗೆ ಬಂದರು. ದಾರಿಯಲ್ಲೇ ಸೊಲ್ಲಾಪುರಕ್ಕೆ ಹೋಗೋಣವೋ, ಹೈದರಾಬಾದಿಗೋ ಅಂತ ಚರ್ಚೆ ನಡೆದಿತ್ತಂತೆ.

"ಹಾರ್ಟ್ ಅಟ್ಯಾಕ್ ಆಗಿ ಹೋಗ್ಯಾದಂತ್ರಿ, ಕಾಗದದಾಗೇ ಬರದದ," ಅಂತ ಮಗ ನನ್ನ ಕೈಗೆ ಆ ಕಾಗದ ಕೊಟ್ಟ.

ಆ ಕಾಗದದ ಬಗ್ಗೆ

ಇಸಿಜಿಯಲ್ಲಿ ದೇಹಕ್ಕೆ ಹತ್ತು ವೈರು ಹಚ್ಚುತ್ತೇವೆ. ಕೈಕಾಲಿಗೆ ನಾಲ್ಕು, ಎದೆಗೆ ಆರು. ಅವುಗಳಿಂದ ಮಷೀನು ಹನ್ನೆರಡು ಕೋನದ ಚಿತ್ರ ಮಾಡಿಕೊಳ್ಳುತ್ತದೆ, ಒಂದೊಂದು ಕೋನಕ್ಕೆ ಲೀಡು ಅನ್ನುತ್ತೇವೆ. ಮಷೀನು ನಿಮ್ಮ ಮೈಗೆ ಕರೆಂಟ್ ಬಿಡುವುದಿಲ್ಲ. ಹೃದಯದಲ್ಲೇ ಹುಟ್ಟುವ ತೀರ ಸಣ್ಣ ವಿದ್ಯುತ್ತನ್ನು, ಮಿಲಿವೋಲ್ಟ್ ಲೆಕ್ಕದಲ್ಲಿ, ಚರ್ಮದ ಮೇಲಿಂದ ಹಿಡಿದು ಬರೆಯುತ್ತದೆ, ಅಷ್ಟೇ. ಎಷ್ಟು ಸಲ ತೆಗೆಸಿದರೂ ಹಾನಿ ಇಲ್ಲ, ಎಕ್ಸ್‌ರೇ ಥರ ಕಿರಣವೂ ಇಲ್ಲ. ಇದನ್ನು ಬಳಕೆಗೆ ತಂದ ವಿಲ್ಲೆಮ್ ಐಂತೋವನ್ ಅವರಿಗೆ 1924ರಲ್ಲಿ ನೊಬೆಲ್ ಬಂತು. ಅವರ ಕಾಲದಲ್ಲಿ ರೋಗಿ ಕೈಕಾಲನ್ನು ಉಪ್ಪುನೀರಿನ ಪಾತ್ರೆಯಲ್ಲಿ ಇಳಿಬಿಟ್ಟು ಕೂರಬೇಕಿತ್ತು. ಈಗ ಕ್ಲಿಪ್ಪು, ರಬ್ಬರ್ ಬಲ್ಬು, ಸ್ಟಿಕ್ಕರು.

ಮಾಸ್ತರ ಕಾಗದ ನೋಡಿದ ತಕ್ಷಣ ನನಗೆ ಅನುಮಾನ ಬಂತು. ಒಂದನೇ ಲೀಡಿನಲ್ಲಿ ಎಲ್ಲವೂ ತಲೆಕೆಳಗಾಗಿತ್ತು. ಹೃದಯದ ಮೇಲಿನ ಕೋಣೆಯ ಪಿ ಅಲೆ, ಕೆಳಗಿನ ಕೋಣೆಯ ದೊಡ್ಡ ಕ್ಯೂಆರ್‌ಎಸ್, ಅದರ ಹಿಂದೆ ಬರುವ ಟಿ ಅಲೆ, ಮೂರೂ ಕೆಳಮುಖ. ಯಾವಾಗಲೂ ಕೆಳಮುಖವಾಗಿರುವ ಎವಿಆರ್ ಲೀಡು ಮೇಲ್ಮುಖವಾಗಿತ್ತು. ಆದರೆ ಎದೆಯ ಆರು ಲೀಡು ಸರಿಯಾಗಿ ಒಂದರಿಂದ ಇನ್ನೊಂದಕ್ಕೆ ಬೆಳೆಯುತ್ತಾ ಹೋಗಿದ್ದವು. ಹೃದಯವೇ ಬಲಗಡೆ ಇರುವವರಲ್ಲೂ ಒಂದನೇ ಲೀಡು ಹೀಗೆ ತಿರುಗುತ್ತದೆ, ಆದರೆ ಅವರಲ್ಲಿ ಎದೆಯ ಲೀಡುಗಳೂ ಕೆಡುತ್ತವೆ. ಇಲ್ಲಿ ಅದು ಕೆಟ್ಟಿಲ್ಲ. ಅಂದರೆ ಬಲಗೈ ವೈರು ಎಡಗೈಗೆ, ಎಡಗೈಯದು ಬಲಗೈಗೆ ಹೋಗಿದೆ. ಹೊಸ ಮಷೀನುಗಳು ಕೆಲವು ಇದನ್ನು ತಾವೇ ಗುರುತು ಹಿಡಿದು ಎಚ್ಚರಿಸುತ್ತವೆ, ಆ ಮಷೀನು ಎಚ್ಚರಿಸಿರಲಿಲ್ಲ. ಅದು ತನಗೆ ಬಂದ ಗೆರೆಯನ್ನು ತನ್ನ ಲೆಕ್ಕಕ್ಕೆ ಹಾಕಿ ಹಳೇ ಅಟ್ಯಾಕ್ ಅಂತ ಬರೆದುಬಿಟ್ಟಿತ್ತು.

ನಮ್ಮಲ್ಲಿ ಬಳಕೆಯಲ್ಲಿರುವ ಬಹಳಷ್ಟು ಮಷೀನುಗಳಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ ಪದ್ಧತಿಯ ಮಷೀನಿನಲ್ಲಿ ಬಣ್ಣ ಬೇರೆ ಇರುತ್ತವೆ, ಹಾಗಾಗಿ ಬಣ್ಣ ನೋಡಿ ಟೆಕ್ನಿಷಿಯನ್ ಜೊತೆ ಜಗಳಕ್ಕೆ ಇಳಿಯಬೇಡಿ. ಕೇಳುವುದರಲ್ಲಿ ಮಾತ್ರ ತಪ್ಪಿಲ್ಲ.

ಕಾಗದದ ಮೇಲೆ ಅಚ್ಚಾಗುವ ಆ ಸಾಲುಗಳನ್ನು ಬರೆಯುವುದು ಕಂಪ್ಯೂಟರ್. ಅದಕ್ಕೆ ನಿಮ್ಮ ವಯಸ್ಸು, ಗಂಡೋ ಹೆಣ್ಣೋ ಅನ್ನುವುದು ಗೊತ್ತಿರಬಹುದು, ಅದೂ ನಾವು ಒತ್ತಿದ್ದರೆ. ನಿಮಗೆ ಎದೆ ನೋವಿದೆಯೋ, ಸುಮ್ನೆ ತಪಾಸಣೆಗೆ ಬಂದಿದ್ದೀರೋ, ವೈರು ಸರಿಯಾಗಿ ಹಚ್ಚಿದ್ದಾರೋ ಅದಕ್ಕೆ ಗೊತ್ತಿಲ್ಲ. ನಾನ್ ಸ್ಪೆಸಿಫಿಕ್ ಎಸ್‌ಟಿ ಟಿ ಚೇಂಜಸ್, ಬಾರ್ಡರ್‌ಲೈನ್ ಇಸಿಜಿ, ಕೆನಾಟ್ ರೂಲ್ ಔಟ್ ಇನ್ಫಾರ್ಕ್ಟ್ ಇಂಥ ಸಾಲುಗಳು ದಿನಾ ಬರುತ್ತವೆ. ಅವು ತೀರ್ಪಲ್ಲ. ಡಾಕ್ಟರು ಗೆರೆ ನೋಡಿ, ನಿಮ್ಮನ್ನು ನೋಡಿ, ಹಳೇ ಇಸಿಜಿ ಇದ್ದರೆ ಪಕ್ಕಕ್ಕಿಟ್ಟು ನೋಡಿ ಸಹಿ ಹಾಕಿದ ಮೇಲೆಯೇ ಅದು ವರದಿ. ಹಾಗಂತ ಹೆದರಿಸುವ ಸಾಲನ್ನು ಕಡೆಗಣಿಸಿ ಮನೆಗೆ ಹೋಗಿ ಅಂತ ನಾನು ಹೇಳುತ್ತಿಲ್ಲ. ಮೊಬೈಲಿಗೆ ತೋರಿಸುವ ಬದಲು ಡಾಕ್ಟರಿಗೆ ತೋರಿಸಿ.

ಎದೆ ನೋವಿನ ಲೆಕ್ಕ ಬೇರೆ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಎದೆ ಹಿಂಡಿದ ಹಾಗೆ ನೋವು, ಎಡಗೈಗೆ ಅಥವಾ ದವಡೆಗೆ ಏರುವ ನೋವು, ತಣ್ಣನೆ ಬೆವರು ಇದ್ದರೆ ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ನಾರ್ಮಲ್ ಬಂದರೂ ಅಟ್ಯಾಕ್ ಇಲ್ಲ ಅಂತ ಖಾತ್ರಿ ಆಗುವುದಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯುತ್ತಾರೆ, ರಕ್ತದಲ್ಲಿ ಟ್ರೊಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಏರುವ ಅಂಶ) ನೋಡುತ್ತಾರೆ. ಗ್ಯಾಸ್ ಇರಬೇಕು ಅಂತ ಸೋಡಾ ಕುಡಿದು ರಾತ್ರಿ ಕಳೆದು ಬೆಳಗ್ಗೆ ಬರುವವರನ್ನು ನೋಡಿ ನೋಡಿ ಸಾಕಾಗಿದೆ. 2023ರಿಂದ ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇದೆ. ಅದರಲ್ಲಿ ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಕೂತಲ್ಲೇ ನೋಡುತ್ತಾರೆ, ಅಟ್ಯಾಕ್ ಅಂತ ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಕಲಬುರಗಿಯಲ್ಲೂ 2024ರ ಡಿಸೆಂಬರಿನಲ್ಲಿ ಜಯದೇವ ಸಂಸ್ಥೆಯ 371 ಹಾಸಿಗೆಯ ಆಸ್ಪತ್ರೆ ಶುರುವಾಯಿತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ನೆನಪಿಗೆ ಅಷ್ಟೇ ಹಾಸಿಗೆ ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಅಂದರೆ ಎದೆ ನೋವಿಗೆ ಹೈದರಾಬಾದ್ ದಾರಿ ಹಿಡಿದು ಗಂಟೆಗಟ್ಟಲೆ ಕಳೆಯಬೇಕಾದ ಕಾಲ ಇದಲ್ಲ.

ಮಾಸ್ತರಿಗೆ ಎದೆ ನೋವು ಇರಲಿಲ್ಲ. ಅವರಿಗೆ ಇದ್ದದ್ದು ಕಣ್ಣು ಕತ್ತಲೆ.

ಎರಡನೇ ಇಸಿಜಿ

ನಾನು ಮತ್ತೆ ತೆಗೆದೆ. ಎದೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬಂದಿದ್ದರು, ಸ್ಟಿಕ್ಕರ್ ನಿಲ್ಲಲೇ ಇಲ್ಲ, ಸ್ಪಿರಿಟ್ ಹಚ್ಚಿ ಒರೆಸಬೇಕಾಯಿತು. ಇಸಿಜಿಗೆ ಬರುವಾಗ ಎಣ್ಣೆ, ಕ್ರೀಮು, ಪೌಡರು ಬೇಡ. ಮಲಗಿದ ಮೇಲೆ ಮಾತು ಬೇಡ, ಕೈ ಬಿಗಿ ಹಿಡಿಯುವುದು ಬೇಡ. ಎಸಿ ಕೋಣೆಯ ಚಳಿಗೆ ಮೈ ನಡುಗಿದರೂ ಗೆರೆ ನಡುಗುತ್ತದೆ, ಆಗ ಹೊದಿಕೆ ಕೇಳಿ. ಹೆಣ್ಣುಮಕ್ಕಳು ನಾಚಿಕೆಯಿಂದ ಎಷ್ಟೋ ಸಲ ಇಸಿಜಿಯನ್ನೇ ಮುಂದೂಡುತ್ತಾರೆ. ಎದೆಯ ಎಡಭಾಗದ ವೈರುಗಳು ಸ್ತನದ ಕೆಳಗೆ ಪಕ್ಕೆಲುಬಿನ ನಡುವೆ ಕೂರಬೇಕು, ಬಟ್ಟೆಯ ಮೇಲಿಂದ ಅದು ಆಗುವುದಿಲ್ಲ. ಹೆಣ್ಣು ಸಿಬ್ಬಂದಿ ಬೇಕು, ಪರದೆ ಎಳೆಯಿರಿ, ಮೇಲೆ ಬಟ್ಟೆ ಹೊದಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಕೇಳಿ.

ಹೊಸ ಕಾಗದದಲ್ಲಿ ಇನ್ಫಾರ್ಕ್ಟ್ ಮಾಯ. ಬಡಿತ ನಿಮಿಷಕ್ಕೆ 56. ಒಂದೇ ಒಂದು ವ್ಯತ್ಯಾಸ ಉಳಿದಿತ್ತು. ಪಿ ಅಲೆ ಶುರುವಾದಲ್ಲಿಂದ ಕ್ಯೂಆರ್‌ಎಸ್ ತನಕ ಆರು ಸಣ್ಣ ಚೌಕ. ಇಸಿಜಿ ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡ್. ಹಾಗಾಗಿ ಆರು ಚೌಕ ಅಂದರೆ 0.24 ಸೆಕೆಂಡ್. ಇರಬೇಕಾದದ್ದು 0.12ರಿಂದ 0.20ರ ಒಳಗೆ. ಮಷೀನು ಅದನ್ನು ಫಸ್ಟ್ ಡಿಗ್ರಿ ಎವಿ ಬ್ಲಾಕ್ ಅಂತ ಬರೆಯಿತು, ಈ ಸಲ ಸರಿಯಾಗೇ ಬರೆಯಿತು.

ಮಗನ ಮುಖ ಬಿಳುಚಿತು. "ಬ್ಲಾಕ್ ಅದ ಅಂದ್ರ ಸ್ಟೆಂಟ್ ಹಾಕಬೇಕೇನ್ರಿ?"

ಈ ಪ್ರಶ್ನೆ ನಮ್ಮಲ್ಲಿ ಎಲ್ಲರೂ ಕೇಳುತ್ತಾರೆ, ಡಾಕ್ಟರ ಹತ್ತಿರ ಅಲ್ಲ, ನಮ್ಮ ಹತ್ತಿರ. ಸ್ಟೆಂಟ್ ಹಾಕುವುದು ರಕ್ತನಾಳ ಕಟ್ಟಿದಾಗ. ಇಸಿಜಿಯ ಎವಿ ಬ್ಲಾಕ್, ಬಂಡಲ್ ಬ್ರಾಂಚ್ ಬ್ಲಾಕ್ ಇವೆಲ್ಲ ಹೃದಯದ ವಿದ್ಯುತ್ ದಾರಿಯ ವಿಷಯ. ಬಡಿತದ ಆಜ್ಞೆ ಹೃದಯದ ಮೇಲಿನ ಬಲ ಕೋಣೆಯಲ್ಲಿರುವ ಎಸ್‌ಎ ನೋಡ್ ಅನ್ನುವ ಜಾಗದಲ್ಲಿ ಹುಟ್ಟುತ್ತದೆ, ನಡುವಿನ ಎವಿ ನೋಡ್‌ನಲ್ಲಿ ಅರೆಗಳಿಗೆ ತಡೆದು ಕೆಳಗಿನ ಕೋಣೆಗಳಿಗೆ ಇಳಿಯುತ್ತದೆ. ಮಾಸ್ತರ ಹೃದಯದಲ್ಲಿ ಆ ತಡೆ ಸ್ವಲ್ಪ ಉದ್ದವಾಗಿತ್ತು. ಫಸ್ಟ್ ಡಿಗ್ರಿ ಅಷ್ಟೇ ಆದರೆ ಸಾಮಾನ್ಯವಾಗಿ ಏನೂ ಮಾಡಬೇಕಾಗಿಲ್ಲ, ವಯಸ್ಸಾದವರಲ್ಲಿ, ಇಂಥ ಬಿಪಿ ಮಾತ್ರೆ ನುಂಗುವವರಲ್ಲಿ ಕಾಣುತ್ತಲೇ ಇರುತ್ತದೆ.

ಎಕೋ (ಹೃದಯದ ಸ್ಕ್ಯಾನ್) ಆಯಿತು, ಹೃದಯದ ಗೋಡೆ, ಕವಾಟ ಎಲ್ಲ ಸರಿ. ಟ್ರೊಪೊನಿನ್ ಇಲ್ಲ. ರಕ್ತದ ಪೊಟ್ಯಾಸಿಯಂ ಸರಿ. ಮನೆಯವರು ನಿಟ್ಟುಸಿರು ಬಿಟ್ಟು ಗಾಡಿಯವನಿಗೆ ಫೋನ್ ಮಾಡಲು ಹೊರಟಿದ್ದರು. ಅಟ್ಯಾಕ್ ಅಲ್ಲ ಅಂದ ಮೇಲೆ ಮುಗಿಯಿತಲ್ವಾ? ನನಗೆ ಕಂಡ ಮಟ್ಟಿಗೆ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಅಪಾಯದ ಗಳಿಗೆ ಇದೇ. ಮೊದಲ ಕಾಗದದ ಸುಳ್ಳು ಭಯ ಎಲ್ಲರ ಗಮನವನ್ನೂ ತಿಂದುಹಾಕಿತ್ತು, ಆ ಭಯ ಹೋದ ತಕ್ಷಣ ಬಂದ ಕಾರಣವೇ ಮರೆತುಹೋಗುವ ಹಾಗಿತ್ತು. ಡಾಕ್ಟರು ಮರೆಯಲಿಲ್ಲ. "ಯಜಮಾನ್ರು ಯಾಕ್ ಬಿದ್ರು ಅಂತ ಇನ್ನೂ ಗೊತ್ತಾಗಿಲ್ಲಲ್ರಿ," ಅಂದು ಹೋಲ್ಟರ್ ಬರೆದರು.

ಇಸಿಜಿ ಹಿಡಿಯುವುದು ಹತ್ತು ಸೆಕೆಂಡ್. ದಿನಕ್ಕೆ 86,400 ಸೆಕೆಂಡ್. ಎಪಿಎಂಸಿಯಲ್ಲಿ ದಲಾಲ ಚೀಲಕ್ಕೆ ಕೊಕ್ಕೆ ಚುಚ್ಚಿ ಒಂದು ಹಿಡಿ ತೊಗರಿ ತೆಗೆದು ನೋಡುತ್ತಾನಲ್ಲ, ಹಾಗೆ. ಆ ಹಿಡಿಯಲ್ಲಿ ಹುಳ ಸಿಕ್ಕರೆ ಚೀಲದಲ್ಲಿ ಹುಳ ಇದೆ. ಸಿಗದಿದ್ದರೆ ಚೀಲ ಪೂರ್ತಿ ಸ್ವಚ್ಛ ಅಂತ ಯಾವ ದಲಾಲನೂ ಬರೆದು ಕೊಡುವುದಿಲ್ಲ. ಬಂದು ಹೋಗುವ ತೊಂದರೆ, ಅಂದರೆ ಆಗಾಗ ಎದೆ ಧಡಧಡ ಅನ್ನುವುದು, ಆಗಾಗ ಕಣ್ಣು ಕತ್ತಲೆ ಬರುವುದು, ಅದು ಬಂದ ಹೊತ್ತಿನಲ್ಲೇ ವೈರು ಮೈಮೇಲೆ ಇದ್ದರೆ ಮಾತ್ರ ಸಿಗುತ್ತದೆ.

ಪಕ್ಕದಲ್ಲಿದ್ದ ಸಂಬಂಧಿಕರೊಬ್ಬರು ಟಿಎಂಟಿ ಯಾಕೆ ಮಾಡಲ್ಲ, ನಮ್ಮ ಕಾಕಾಗೆ ಅದೇ ಮಾಡಿದ್ದರು ಅಂದರು. ಟಿಎಂಟಿಯಲ್ಲಿ ಯಂತ್ರದ ಪಟ್ಟಿಯ ಮೇಲೆ ನಡೆಸುತ್ತೇವೆ, ಮೂರು ಮೂರು ನಿಮಿಷಕ್ಕೆ ವೇಗ, ಏರು ಎರಡೂ ಹೆಚ್ಚುತ್ತವೆ. ಶ್ರಮ ಬಿದ್ದಾಗ ಹೃದಯಕ್ಕೆ ರಕ್ತ ಸಾಲುತ್ತದೋ ಇಲ್ಲವೋ ನೋಡಲು ಅದು ಮುಖ್ಯವಾಗಿ ಬೇಕು. ಕೂತಲ್ಲೇ ಬೀಳುವವರಿಗೆ ಮೊದಲ ಪರೀಕ್ಷೆ ಅದಲ್ಲ.

ಹೋಲ್ಟರ್, ಮೇ ತಿಂಗಳ ಸೆಕೆಯಲ್ಲಿ

ಹೋಲ್ಟರ್ ಅನ್ನುವುದು ಅದನ್ನು ಕಂಡುಹಿಡಿದ ಅಮೆರಿಕದ ನಾರ್ಮನ್ ಹೋಲ್ಟರ್ ಅವರ ಹೆಸರು. ಅವರ ಮೊದಲ ಯಂತ್ರವನ್ನು ಬೆನ್ನ ಮೇಲೆ ಹೊರಬೇಕಿತ್ತು, 38 ಕಿಲೋ ತೂಕ. ಈಗಿನದು ಅಂಗಿ ಜೇಬಿನಲ್ಲಿ ಕೂರುತ್ತದೆ. ಎದೆಗೆ ಕೆಲವು ಸ್ಟಿಕ್ಕರ್ ಅಂಟಿಸಿ, ವೈರು ಸಿಕ್ಕಿಸಿ, ಸೊಂಟಕ್ಕೋ ಕೊರಳಿಗೋ ಡಬ್ಬಿ ಕಟ್ಟಿ ಕಳಿಸುತ್ತೇವೆ. 24 ಗಂಟೆ, ಕೆಲವರಿಗೆ 48 ಗಂಟೆ. ಎದೆಯ ಮೇಲೆ ಕೂದಲು ಇದ್ದರೆ ಆ ಜಾಗ ಬೋಳಿಸುತ್ತೇವೆ, ಇಲ್ಲದಿದ್ದರೆ ಸ್ಟಿಕ್ಕರ್ ಕೀಳುವಾಗ ನೀವೇ ಬೈಯುತ್ತೀರಿ.

ಸ್ನಾನ ಇಲ್ಲ ಅಂದಾಗ ಮಾಸ್ತರು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಕಲಬುರಗಿ ಜಿಲ್ಲೆಯವರಿಗೆ ಸ್ನಾನ ಬಿಡಿ ಅನ್ನುವುದು ದೊಡ್ಡ ಮಾತೇ. ಅದಕ್ಕೆ ಸ್ನಾನ ಮುಗಿಸಿಕೊಂಡು ಬರಲು ಹೇಳುತ್ತೇವೆ, ಬಟನ್ ಇರುವ ಸಡಿಲ ಅಂಗಿ ಹಾಕಿಕೊಳ್ಳಲು ಹೇಳುತ್ತೇವೆ. ಬೆವರಿಗೆ ಸ್ಟಿಕ್ಕರ್ ಎದ್ದರೆ ಮೇಲೊಂದು ಟೇಪು ಒತ್ತಿ, ಸಮಯ ಬರೆದಿಡಿ. ಮೊಬೈಲನ್ನು ಡಬ್ಬಿಗೆ ತಾಗಿಸಿ ಇಡಬೇಡಿ. ಇದೆಲ್ಲಕ್ಕಿಂತ ಜನ ತಪ್ಪು ತಿಳಿಯುವುದು ಇನ್ನೊಂದನ್ನು. ವೈರು ಹಚ್ಚಿದ್ದಾರೆ ಅಂತ ಇಡೀ ದಿನ ಹಾಸಿಗೆ ಬಿಟ್ಟು ಏಳದೆ ಮಲಗಿಬಿಡುತ್ತಾರೆ. ಹಾಗೆ ಮಾಡಿದರೆ ಪರೀಕ್ಷೆಯೇ ವ್ಯರ್ಥ. ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಬೇಕು. ಮೆಟ್ಟಿಲು ಹತ್ತುವವರು ಹತ್ತಬೇಕು, ಪೂಜೆಗೆ ಕೂರುವವರು ಕೂರಬೇಕು. ಬಿದ್ದು ಪೆಟ್ಟಾಗುವ ಭಯ ಇದ್ದವರು ಮಾತ್ರ ಒಬ್ಬರೇ ಹೊರಗೆ ಹೋಗಬಾರದು, ಗಾಡಿ ಓಡಿಸಬಾರದು. ಮಾಸ್ತರಿಗೆ ಡಾಕ್ಟರು ಅದನ್ನೇ ಹೇಳಿದರು, ಆ ರಾತ್ರಿ ಅವರು ಕಲಬುರಗಿಯಲ್ಲೇ ಮಗಳ ಮನೆಯಲ್ಲಿ ಉಳಿದರು.

ಡಬ್ಬಿಯ ಜೊತೆ ಒಂದು ಡೈರಿ ಹಾಳೆ ಕೊಡುತ್ತೇವೆ. ಎದ್ದದ್ದು, ಉಂಡದ್ದು, ನಡೆದದ್ದು, ಮಲಗಿದ್ದು, ಔಷಧಿ ತೆಗೆದುಕೊಂಡದ್ದು, ತೊಂದರೆ ಆದದ್ದು ಎಲ್ಲ ಗಡಿಯಾರ ನೋಡಿ ಬರೆಯಬೇಕು. ಹತ್ತರಲ್ಲಿ ಎಂಟು ಮಂದಿ ಖಾಲಿ ಹಾಳೆ ತರುತ್ತಾರೆ ಅಂದರೆ ಉತ್ಪ್ರೇಕ್ಷೆ ಇರಬಹುದು, ಆದರೆ ತುಂಬಿದ ಹಾಳೆ ಕಂಡರೆ ನನಗೆ ಖುಷಿ ಆಗುವುದಂತೂ ನಿಜ. ಮಾಸ್ತರದು ತುಂಬಿತ್ತು. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ, ದುಂಡಗಿನ ಅಕ್ಷರ:

ಬೆಳಿಗ್ಗೆ 6.10, ಎದ್ದೆ. 7.30, ಕಣ್ಣಿಗೆ ಹನಿ. 8.00, ಉಪ್ಪಿಟ್ಟು, ಚಹಾ, ಬಿಪಿ ಗುಳಿಗೆ. 8.50, ಕುರ್ಚಿಯಲ್ಲಿ ಕುಳಿತಿದ್ದಾಗ ಕಣ್ಣು ಕತ್ತಲೆ, ಕ್ಷಣ ಮಾತ್ರ.

ನಾನು ಡಬ್ಬಿಯ ದಾಖಲೆಯನ್ನು ಕಂಪ್ಯೂಟರಿಗೆ ಹಾಕಿದೆ. ಇಡೀ ದಿನದ ಸರಾಸರಿ ಬಡಿತ 49. ಒಟ್ಟು ಎಪ್ಪತ್ತು ಸಾವಿರದ ಚಿಲ್ಲರೆ ಬಡಿತ, ಸಾಮಾನ್ಯವಾಗಿ ಲಕ್ಷದ ಆಸುಪಾಸು ಇರುತ್ತದೆ. ರಾತ್ರಿ ನಿದ್ದೆಯಲ್ಲಿ 34ಕ್ಕೆ ಇಳಿದಿತ್ತು. ನಿದ್ದೆಯಲ್ಲಿ ಬಡಿತ ಇಳಿಯುವುದು ಎಲ್ಲರಿಗೂ ಸಹಜ, ಹಾಗಾಗಿ ರಾತ್ರಿಯ ಸಂಖ್ಯೆಯೊಂದನ್ನೇ ನೋಡಿ ಯಾರೂ ತೀರ್ಮಾನ ಮಾಡುವುದಿಲ್ಲ. 8.50ರ ಹತ್ತಿರ ಹೋದೆ. ಅಲ್ಲಿತ್ತು. ಮೇಲಿನ ಕೋಣೆಯ ಪಿ ಅಲೆಗಳು ಒಂದರ ಹಿಂದೆ ಒಂದು ಸರಿಯಾಗಿ ಬರುತ್ತಿವೆ, ಕೆಳಗಿನ ಕೋಣೆಯ ಕ್ಯೂಆರ್‌ಎಸ್ ಇಲ್ಲ. ಗೆರೆ ಸಪಾಟು. 4.1 ಸೆಕೆಂಡ್ ಆದ ಮೇಲೆ ಮುಂದಿನ ಬಡಿತ. ಆಜ್ಞೆ ಹುಟ್ಟುತ್ತಿತ್ತು, ಕೆಳಗೆ ಇಳಿಯುತ್ತಿರಲಿಲ್ಲ.

ಹಾಳೆಯನ್ನೂ ಗೆರೆಯನ್ನೂ ಒಟ್ಟಿಗೆ ಡಾಕ್ಟರ ಮುಂದೆ ಇಟ್ಟೆ. ಎಚ್ಚರ ಇರುವಾಗ, ತೊಂದರೆ ಆದ ಅದೇ ನಿಮಿಷದಲ್ಲಿ ಇಂಥ ವಿರಾಮ ಸಿಕ್ಕರೆ ಮಾತು ಪೇಸ್‌ಮೇಕರ್, ಅಂದರೆ ಹೃದಯಕ್ಕೆ ಬಡಿತದ ಆಜ್ಞೆ ಕೊಡುವ ಸಣ್ಣ ಯಂತ್ರದ ಕಡೆಗೆ ಹೋಗುತ್ತದೆ. ಡಾಕ್ಟರು ಅದನ್ನೂ ಹೇಳಿದರು. ಆದರೆ ಮೊದಲು ಬೆರಳಿಟ್ಟದ್ದು 7.30ರ ಸಾಲಿನ ಮೇಲೆ.

ಕಣ್ಣಿನ ಹನಿ

ಮೊದಲ ದಿನ ಎಲ್ಲ ಔಷಧಿ ತೋರಿಸಿ ಅಂದಾಗ ಅಮ್ಮಾರು, ಅಂದರೆ ಮಾಸ್ತರ ಹೆಂಡತಿ, ಪ್ಲಾಸ್ಟಿಕ್ ಚೀಲ ಸುರಿದಿದ್ದರು. "ಇಷ್ಟೇ ನೋಡ್ರಿ ಗುಳಿಗಿ, ಬ್ಯಾರೆ ಏನೂ ಇಲ್ಲ." ಮೆಟೊಪ್ರೊಲಾಲ್, ಒಂದು ಗ್ಯಾಸ್ ಮಾತ್ರೆ, ಒಂದು ಕ್ಯಾಲ್ಸಿಯಂ. ಅವರು ಸುಳ್ಳು ಹೇಳಿರಲಿಲ್ಲ. ಹನಿಯ ಬಾಟಲಿ ಆ ಚೀಲದಲ್ಲಿ ಇರಲಿಲ್ಲ, ಅದನ್ನು ಅವರು ಔಷಧಿ ಲೆಕ್ಕಕ್ಕೆ ಹಿಡಿದೇ ಇರಲಿಲ್ಲ. ಮಾಸ್ತರು ಕೂಡ, "ಅದು ಕಣ್ಣಿಂದರೀ, ಎದಿಗೇನು ಸಂಬಂಧ?" ಅಂದರು.

ಸಂಬಂಧ ಇದೆ. ಅದು ಟಿಮೊಲಾಲ್ ಹನಿ. ಮಾರ್ಚಿನಲ್ಲಿ ಕಣ್ಣು ತೋರಿಸಿದಾಗ ಗ್ಲಾಕೋಮಾ (ಕಣ್ಣಿನ ನರ ಕೆಡಿಸುವ ರೋಗ) ಶುರುವಾಗಿದೆ ಅಂತ ದಿನಕ್ಕೆ ಎರಡು ಸಲ ಹಾಕಲು ಬರೆದಿದ್ದರು. ಒಳ್ಳೆಯ ಔಷಧಿಯೇ, ಎಷ್ಟೋ ಮಂದಿಯ ದೃಷ್ಟಿ ಉಳಿಸಿದೆ. ಆದರೆ ಟಿಮೊಲಾಲ್ ಕೂಡ ಮೆಟೊಪ್ರೊಲಾಲ್‌ನ ಕುಲದ್ದೇ, ಎರಡೂ ಬೀಟಾ ಬ್ಲಾಕರ್, ಅಂದರೆ ಬಡಿತ ನಿಧಾನ ಮಾಡುವ ಔಷಧಿಗಳು. ಕಣ್ಣಿಗೆ ಬಿದ್ದ ಹನಿ ಕಣ್ಣಲ್ಲೇ ನಿಲ್ಲುವುದಿಲ್ಲ. ಕಣ್ಣೀರು ಇಳಿಯುವ ಸಣ್ಣ ನಾಳದಿಂದ ಮೂಗಿಗೆ ಇಳಿದು, ಅಲ್ಲಿಂದ ನೇರ ರಕ್ತಕ್ಕೆ ಸೇರುತ್ತದೆ. ನುಂಗಿದ ಮಾತ್ರೆ ಮೊದಲು ಲಿವರ್ ದಾಟಬೇಕು, ಅಲ್ಲಿ ಸ್ವಲ್ಪ ಭಾಗ ಕರಗಿಹೋಗುತ್ತದೆ. ಹನಿಗೆ ಆ ತಡೆ ಇಲ್ಲ. ಹಾಗಾಗಿ ಮೊದಲೇ ಸ್ವಲ್ಪ ನಿಧಾನವಾಗಿದ್ದ ಎವಿ ನೋಡಿನ ಮೇಲೆ ಮಾತ್ರೆ ಒಂದು ಕಡೆಯಿಂದ, ಹನಿ ಇನ್ನೊಂದು ಕಡೆಯಿಂದ ಒತ್ತಿದ್ದವು. ಬೆಳಗಿನ ಹನಿ, ಬೆಳಗಿನ ಮಾತ್ರೆ, ಒಂಬತ್ತರ ಆಸುಪಾಸಿನ ಕಣ್ಣು ಕತ್ತಲೆ. ಹೊಲದಲ್ಲಿ ಬಿದ್ದದ್ದೂ ಅದೇ ಹೊತ್ತು. ಬಿಸಿಲು ಪಾಪ ಸುಮ್ನೆ ಬೈಸಿಕೊಂಡಿತ್ತು.

ಆಮೇಲೆ ಇನ್ನೊಂದು ಬೆಳಕಿಗೆ ಬಂತು. ಮಾಸ್ತರು ಮನೆಯಲ್ಲಿ ಬಿಪಿ ಮಷೀನ್ ಇಟ್ಟುಕೊಂಡು ನೋಟ್‌ಬುಕ್ಕಿನಲ್ಲಿ ದಿನಾ ಬರೆಯುತ್ತಿದ್ದರು. ಬಿಪಿ ಮಷೀನು ಮೂರು ಸಂಖ್ಯೆ ತೋರಿಸುತ್ತದೆ, ಮೇಲಿನದು, ಕೆಳಗಿನದು, ಮೂರನೆಯದು ನಾಡಿ. ಫೆಬ್ರವರಿಯಲ್ಲಿ ನಾಡಿ 62, 64. ಏಪ್ರಿಲಿನಿಂದ 48, 46, ಒಂದು ದಿನ 43. ಬಿಪಿ ಚೆನ್ನಾಗಿದೆ ಅಂತ ಮೂರನೇ ಸಂಖ್ಯೆಯನ್ನು ಯಾರೂ ನೋಡಿರಲಿಲ್ಲ. ನಿಮ್ಮ ಮನೆಯಲ್ಲೂ ಆ ನೋಟ್‌ಬುಕ್ ಇದ್ದರೆ ಇವತ್ತೇ ಒಮ್ಮೆ ತಿರುವಿ ನೋಡಿ. ಕೂತಾಗ ನಾಡಿ 50ಕ್ಕಿಂತ ಕೆಳಗೆ ಪದೇಪದೇ ಬರುತ್ತಿದ್ದು, ಜೊತೆಗೆ ಸುಸ್ತು, ತಲೆಸುತ್ತು ಇದ್ದರೆ ತೋರಿಸಿಕೊಳ್ಳಿ. ದಿನಾ ಓಡುವ, ಕುಸ್ತಿ ಆಡುವ ಹುಡುಗರಲ್ಲಿ 50 ಸಹಜ ಇರಬಹುದು, ಅದು ಬೇರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಇದನ್ನು ಓದಿ ಯಾರೂ ಕಣ್ಣಿನ ಹನಿ ನಿಲ್ಲಿಸಬೇಡಿ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳಿ ಬರುವುದಿಲ್ಲ. ಮೆಟೊಪ್ರೊಲಾಲ್ ಕೂಡ ತಟ್ಟನೆ ಬಿಟ್ಟರೆ ಬಿಪಿ ಏರಬಹುದು, ಎದೆ ನೋವು ಬರಬಹುದು. ಮಾಸ್ತರ ವಿಷಯದಲ್ಲಿ ಹೃದಯದ ಡಾಕ್ಟರು ಕಣ್ಣಿನ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿದರು. ವಾರ್ಡಿನಲ್ಲಿ ಮಾನಿಟರ್ ಹಚ್ಚಿ ಮಲಗಿಸಿಕೊಂಡು ಎರಡನ್ನೂ ಬದಲಿಸಿದರು. ಟಿಮೊಲಾಲ್ ಜಾಗಕ್ಕೆ ಲಾಟನೊಪ್ರೊಸ್ಟ್ ಹನಿ, ಮೆಟೊಪ್ರೊಲಾಲ್ ಜಾಗಕ್ಕೆ ಅಮ್ಲೋಡಿಪಿನ್. ಬಡಿತ ತೀರ ಇಳಿದರೆ ಹಾಕಲು ತಾತ್ಕಾಲಿಕ ಪೇಸ್‌ಮೇಕರ್ ಸಿದ್ಧ ಇಟ್ಟಿದ್ದರು, ಬೇಕಾಗಲಿಲ್ಲ. ಮೂರನೇ ದಿನಕ್ಕೆ ಮಾನಿಟರಿನಲ್ಲಿ ಬಡಿತ 64, 68 ಓಡುತ್ತಿತ್ತು.

ಯಾವುದೇ ಕಣ್ಣಿನ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕ ಕಣ್ಣಿನ ಒಳಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಮೆಲ್ಲಗೆ ಒತ್ತಿ ಹಿಡಿದರೆ ಹನಿ ಮೂಗಿಗೆ ಇಳಿಯುವುದು ಕಡಿಮೆಯಾಗುತ್ತದೆ. ಕಣ್ಣಿಗೂ ಒಳ್ಳೆಯದು. ಉಬ್ಬಸ ಇದ್ದವರು, ಬಿಪಿ ಮಾತ್ರೆ ನುಂಗುವವರು ಕಣ್ಣಿನ ಡಾಕ್ಟರಿಗೆ ಅದನ್ನು ಮೊದಲೇ ಹೇಳಬೇಕು. ಹೃದಯದ ಡಾಕ್ಟರ ಹತ್ತಿರ ಬರುವಾಗ ಹನಿ, ಇನ್‌ಹೇಲರ್, ಮುಲಾಮು, ನಾಟಿ ಔಷಧಿ, ಪಕ್ಕದ ಮನೆಯವರು ಕೊಟ್ಟ ಶಕ್ತಿಯ ಪುಡಿ ಎಲ್ಲ ತನ್ನಿ. ಚೀಟಿ ಇಲ್ಲದಿದ್ದರೆ ಬಾಟಲಿಯ ಫೋಟೋ ಸಾಕು.

ಆಮೇಲೆ

ಬಿಡುಗಡೆ ಆಗುವ ದಿನ ಮಗ ಆ ಮೊದಲನೇ ಕಾಗದವನ್ನು ಹರಿದು ಎಸೆಯುತ್ತೇನೆ ಅಂದ. ನಾನು ಬೇಡ ಅಂದೆ, ಅದರ ಮೇಲೆ ಕೈ ವೈರು ಅದಲುಬದಲು ಅಂತ ಡಾಕ್ಟರಿಂದ ಬರೆಸಿ ಫೈಲಿಗೆ ಸೇರಿಸಿದೆ. ಇಲ್ಲದಿದ್ದರೆ ಮುಂದೆ ಯಾರೋ ಅದರ ಫೋಟೋ ನೋಡಿ ಇವರಿಗೆ ಹಳೇ ಅಟ್ಯಾಕ್ ಆಗಿತ್ತು ಅಂತ ಇನ್ನೊಮ್ಮೆ ಓಡಿಸುತ್ತಾರೆ. ಇಸಿಜಿ ಕಾಗದಗಳು ಹೆಚ್ಚಾಗಿ ಥರ್ಮಲ್ ಕಾಗದ. ನಮ್ಮ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲೋ ಕಾರಿನ ಗಾಜಿನ ಮುಂದೆಯೋ ಇಟ್ಟರೆ ಕಪ್ಪಾಗುತ್ತವೆ, ಕೆಲವು ವರ್ಷಕ್ಕೆ ತಾವೇ ಮಾಸುತ್ತವೆ. ತೆಗೆಸಿದ ದಿನವೇ ನೆರಳಿನಲ್ಲಿ ಪೂರ್ತಿ ಕಾಗದದ ಫೋಟೋ ತೆಗೆಯಿರಿ, ಹೆಸರು, ತಾರೀಖು, ಸಮಯ ಕಾಣಬೇಕು. ಜೆರಾಕ್ಸ್ ಮಾಡಿಸಿಟ್ಟರೆ ಇನ್ನೂ ಒಳ್ಳೆಯದು. ಆರೋಗ್ಯವಾಗಿದ್ದಾಗ ತೆಗೆದ ಒಂದು ಇಸಿಜಿ ಮನೆಯಲ್ಲಿ ಇದ್ದರೆ ತೊಂದರೆ ಬಂದ ದಿನ ಡಾಕ್ಟರಿಗೆ ಬಹಳ ಸಹಾಯ. ಇರುವ ವ್ಯತ್ಯಾಸ ಹಳೆಯದೋ ಹೊಸದೋ ಅಂತ ಅದರಿಂದಲೇ ಗೊತ್ತಾಗುವುದು.

ಒಂದೂವರೆ ತಿಂಗಳ ನಂತರ ಎರಡನೇ ಹೋಲ್ಟರ್ ಹಚ್ಚಿದೆವು. ಅಷ್ಟರಲ್ಲಿ ಮಳೆ ಬಿದ್ದಿತ್ತು, ಸ್ನಾನದ ತಕರಾರು ಬರಲಿಲ್ಲ. ಸರಾಸರಿ 66, ಒಟ್ಟು 95 ಸಾವಿರ ಬಡಿತ, ನಿದ್ದೆಯಲ್ಲಿ ಅತಿ ಕಡಿಮೆ 47. ವಿರಾಮ ಒಂದೂ ಇಲ್ಲ. ಆದರೆ ಇಸಿಜಿಯಲ್ಲಿ ಪಿಆರ್, ಅಂದರೆ ಪಿ ಅಲೆಯಿಂದ ಕ್ಯೂಆರ್‌ಎಸ್ ತನಕದ ಹೊತ್ತು, ಇನ್ನೂ 0.21 ಸೆಕೆಂಡಿನಲ್ಲೇ ನಿಂತಿದೆ. ಔಷಧಿಯಿಂದ ಬಂದ ಬ್ಲಾಕ್ ಔಷಧಿ ಬಿಟ್ಟ ಮೇಲೆ ಹೋಯಿತು ಅಂದರೂ ಕೆಲವರಲ್ಲಿ ಮುಂದೆ ಮತ್ತೆ ಕಾಣಿಸಿಕೊಳ್ಳುತ್ತದೆ, ಯಾಕೆಂದರೆ ಆ ವಿದ್ಯುತ್ ದಾರಿ ಮೊದಲೇ ಸ್ವಲ್ಪ ಸವೆದಿರುತ್ತದೆ, ಔಷಧಿ ಅದನ್ನು ಬೇಗ ಹೊರಗೆ ಹಾಕುತ್ತದೆ ಅಷ್ಟೇ. ಅದಕ್ಕೇ ಡಾಕ್ಟರು ಫೈಲು ಮುಚ್ಚಿಲ್ಲ. ಆರು ತಿಂಗಳಿಗೊಮ್ಮೆ ಇಸಿಜಿ, ಮತ್ತೆ ಕಣ್ಣು ಕತ್ತಲೆ ಬಂದರೆ ಅದೇ ದಿನ ಬರಬೇಕು, ಆಗ ಪೇಸ್‌ಮೇಕರ್ ಮಾತು ಮತ್ತೆ ಏಳುತ್ತದೆ. ಮಾಸ್ತರು ಸ್ಕೂಟರ್ ಓಡಿಸಬಹುದೇ ಅಂತ ಕೇಳಿದರು. ಮುಂದಿನ ತಪಾಸಣೆ ತನಕ ಬೇಡ ಅಂದರು ಡಾಕ್ಟರು, ಅವರಿಗೆ ಅದು ಹಿಡಿಸಲಿಲ್ಲ. ಅಮ್ಮಾರು ಸ್ಕೂಟರ್ ಕೀಲಿಯನ್ನು ತಮ್ಮ ಹತ್ತಿರ ಇಟ್ಟುಕೊಂಡಿದ್ದಾರೆ, ಬಿಪಿ ನೋಟ್‌ಬುಕ್ಕಿನಲ್ಲಿ ಮೂರನೇ ಸಂಖ್ಯೆಯ ಕೆಳಗೆ ಈಗ ಗೆರೆ ಎಳೆಯುವವರೂ ಅವರೇ.